ಉಪ್ಪಿಲ್ಲದ ಮನೆತನ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಆಕ್ಲೆಂಡಿನ ದಕ್ಷಿಣದ ಅಂಚಿನಲ್ಲಿರುವ ಪಾಪಕುರಾ ರೈಲು ನಿಲ್ದಾಣದಿಂದ ಹನ್ನೊಂದು ನಿಮಿಷ ನಡೆದರೆ ಸಿಗುವ ಒಂದು ಬಾಡಿಗೆ ಹಾಲ್. ಅದರ ಮುಂಬಾಗಿಲಿನ ಒಳಗೆ, ಎಡಕ್ಕೆ, ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ. ನನ್ನಿಂದ ಒಂದು ಗೇಣು ಮುಂದೆ ಸರ್ ನಿಂತಿದ್ದರು. ಅವರ ಎಡಗಿವಿ ನನ್ನ ಬಾಯಿಗೆ ನೇರವಾಗಿತ್ತು. ಯುಗಾದಿ ಕಳೆದ ಮೇಲಿನ ಎರಡನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಏಳು ನಿಮಿಷ. ಹಾಲ್‌ನ ಗಡಿಯಾರದಲ್ಲಿ ಹನ್ನೊಂದು ಗಂಟೆ ಏಳು ನಿಮಿಷವಾಗಿತ್ತು. ಬೇಸಿಗೆಯ ಸಮಯ ಮುಗಿದು ಹಿಂದಿನ ಭಾನುವಾರ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಸರಿದಿದ್ದರೂ ಆ ಗಡಿಯಾರಕ್ಕೆ ಏಣಿ ಹಾಕುವವರು ಸಿಕ್ಕಿರಲಿಲ್ಲ. ನಾನು ನನ್ನ ಕೈಗಡಿಯಾರವನ್ನು ನಂಬುತ್ತೇನೆ.

ಮನೆ ಕೊಳ್ಳುವವರಿಗಾಗಿ ಮನೆಗಳನ್ನು ತಪಾಸಣೆ ಮಾಡುವುದು ನನ್ನ ಕಸುಬು. ಎಲ್ಲಿ ನಿಂತು ನೋಡಿದೆ, ಎಷ್ಟು ಹೊತ್ತಿಗೆ ನೋಡಿದೆ, ಗೋಡೆ ಎಲ್ಲಿ ಒದ್ದೆಯಾಗಿತ್ತು ಎಂದು ಬರೆದುಕೊಡಬೇಕು. ಕಾಣದೇ ಇದ್ದದ್ದನ್ನು ಬರೆಯುವ ಹಾಗಿಲ್ಲ. ಅವತ್ತಿನದನ್ನೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ಅಳತೆ ಸರಿಯಾಗಿದೆ.

ಸರ್ ಎಂದರೆ ಧಾರವಾಡದ ಕಡೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪ್ರಾಚೀನ ಇತಿಹಾಸ ಕಲಿಸಿ ನಿವೃತ್ತರಾದವರು. ಆಕ್ಲೆಂಡಿನದೇ ಬಡಾವಣೆ ಹಿಲ್ಸ್‌ಬರೋದಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮ ಕನ್ನಡ ಸಂಘದವರಿಗೆಲ್ಲ ಅವರು ಪ್ರೊಫೆಸರ್ ಅಂಕಲ್. ನನಗೆ ಮಾತ್ರ ಸರ್, ಏಕೆಂದರೆ ನಾನು ಅವರ ಶನಿವಾರದ ಕ್ಲಾಸಿನ ವಿದ್ಯಾರ್ಥಿ. ಕ್ಲಾಸು ನಡೆಯುತ್ತಿದ್ದುದು ಅವರ ಮಗಳ ಗ್ಯಾರೇಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ. ಎಂಟು ಪ್ಲಾಸ್ಟಿಕ್ ಕುರ್ಚಿಗಳಿದ್ದವು, ವಿದ್ಯಾರ್ಥಿಗಳು ಐದೋ ಆರೋ. ವಿಷಯ: ಹಳೆಯ ರೋಮಿನವರು ಹೇಗೆ ಬದುಕಬೇಕು ಅಂತಿದ್ದರು.

ಅಲ್ಲಿ ಕಲಿತದ್ದರಲ್ಲಿ ಬಹಳಷ್ಟು ನನಗೆ ನೆನಪಿದೆ. ರೋಮಿನವರಿಗೆ ಒಳ್ಳೆಯತನವೆಂದರೆ ನಾಲ್ಕು ಜನರ ನಡುವೆ ನಿಂತು ತೋರಿಸಬೇಕಾದ ವಸ್ತು. "ಸದ್ಗುಣ ಮನ್ಯಾಗ ಮುಚ್ಚಿಟ್ರ ಉಪ್ಪಿನಕಾಯಿ ಆಗ್ತದ," ಅನ್ನುತ್ತಿದ್ದರು ಸರ್. "ಚಲೋ ಇರ್ತದ, ಆದ್ರ ಯಾರ ತಾಟಿಗೂ ಬರೂದಿಲ್ಲ." ಗೌರವಸ್ಥನಾದವನು ಬೀದಿಯಲ್ಲಿ ಏದುಸಿರು ಬಿಡುತ್ತ ಓಡಬಾರದು, ಮುಖ ಕೆಡುತ್ತದೆ, ನೋಡಿದವರಿಗೆ ಇವನ ಮನಸ್ಸು ನೆಲೆಯಲ್ಲಿಲ್ಲ ಅನ್ನಿಸುತ್ತದೆ. ಹಾಗೆಂದು ಮೆರವಣಿಗೆಯಲ್ಲಿ ದೇವರನ್ನು ಹೊತ್ತವರ ಹಾಗೆ ತೀರ ನಿಧಾನವಾಗಿಯೂ ನಡೆಯಬಾರದು. ಈ ಪಾಠವನ್ನು ಸರ್ ಆಕ್ಲೆಂಡಿನ ಸಿಗ್ನಲ್‌ಗಳಲ್ಲಿ ಅಕ್ಷರಶಃ ಪಾಲಿಸುತ್ತಿದ್ದರು. ಹಸಿರು ಮನುಷ್ಯ ಮಿನುಗಿ ಕೆಂಪಾದರೂ ಅವರ ಹೆಜ್ಜೆ ಬದಲಾಗುತ್ತಿರಲಿಲ್ಲ. ಇಲ್ಲಿ ಯೂಟ್ ಅನ್ನುವ ಪಿಕಪ್ ಗಾಡಿಗಳ ಡ್ರೈವರ್‌ಗಳು ಕಾದು ನಿಲ್ಲುತ್ತಿದ್ದರು. ಒಬ್ಬನೂ ಹಾರ್ನ್ ಹೊಡೆದದ್ದನ್ನು ನಾನು ಕೇಳಿಲ್ಲ. ರೋಮಿನವರು ಹೇಳಿದ್ದರಲ್ಲಿ ಏನೋ ಇರಬೇಕು.

ಈ ನಡಿಗೆಯಿಂದಾಗಿಯೇ ಒಂದು ಬೆಳಿಗ್ಗೆ ಪಾಪಕುರಾದಲ್ಲಿ ನಮಗೆ ರೈಲು ತಪ್ಪಿತು. ಸಂಘದ ಯುಗಾದಿ ಊಟಕ್ಕೂ ಚುನಾವಣೆಗೂ ಹಾಲ್ ಗೊತ್ತುಮಾಡಿ ಹಿಂದಿರುಗುತ್ತಿದ್ದೆವು. ರೈಲಿನ ಬಾಗಿಲು ಇನ್ನೂ ತೆರೆದಿತ್ತು, ನಾನು ಓಡಿದೆ, ಸರ್ ಓಡಲಿಲ್ಲ. ನಾನು ವಾಪಸ್ ಬಂದೆ. ಇಬ್ಬರೂ ಬೆಂಚಿನ ಮೇಲೆ ಕೂತೆವು.

"ಬಾಯಿ ಮುಚ್ಚಿ ಉಸಿರಾಡ್ರಿ, ಸಾಹೇಬ್ರ," ಅಂದರು. ತಪಾಸಣೆಯವನೆಂದು ನನ್ನನ್ನು ಹಾಗೆ ಕರೆದು ಛೇಡಿಸುತ್ತಿದ್ದರು, ಅಥವಾ ನಾನು ಹಾಗಂದುಕೊಂಡಿದ್ದೆ. ಆಮೇಲೆ, "ಒಂದು ಮಾತು ಹೇಳ್ತೀನಿ. ನಿಮ್ಮ ಹೆಸರು ನನಗ ನೆನಪಿಗೆ ಬರವಲ್ದು," ಅಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಆರು ವರ್ಷದಿಂದ ಬರ್ಲಿಕ್ಕೆ ಹತ್ತೀರಿ. ನಿಮ್ಮ ಮನಿ ಗೊತ್ತದ, ನಿಮ್ಮ ಕಾರು ಗೊತ್ತದ, ನೀವು ಚಹಾಕ್ಕ ಸಕ್ಕರಿ ಎರಡು ಚಮಚೆ ಹಾಕ್ಕೋತೀರಿ ಅನ್ನೂದು ಗೊತ್ತದ. ಹೆಸರು ಹೋಗ್ಯದ. ನಿಮ್ಮದೊಂದ ಅಲ್ಲ, ಎಲ್ಲಾರದೂ. ಒಂದು ವರ್ಷ ಆತು. ಅದಕ್ಕ ಸಾಹೇಬ್ರ ಅಂತೀನಿ."

ನಾನು ನನ್ನ ಹೆಸರು ಹೇಳಿದೆ. "ಚಲೋ ಹೆಸರು," ಅಂದರು, ಮೊದಲ ಸಲ ಕೇಳಿದವರಂತೆ.

ಮಗಳಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿರಲಿಲ್ಲ. ಯಾಕೆಂದರೆ ಒಂದು ಪದಕ್ಕೆ ಅವರು ಹೆದರಿದ್ದರು. "ಗೊತ್ತಾತು ಅಂದ್ರ ಎಲ್ಲಾರೂ 'ಪಾಪ' ಅನ್ನಾಕ ಸುರು ಮಾಡ್ತಾರ. ಒಮ್ಮೆ ಪಾಪ ಅನಿಸಿಕೊಂಡವನ ಮಾತು ಆಮ್ಯಾಲೆ ಯಾರೂ ಕೇಳೂದಿಲ್ಲ, ತಲಿ ಅಲ್ಲಾಡಸ್ತಾರ ಅಷ್ಟ. ರೋಮಿನಾಗ ಕೆಲವು ಹಿರಿಯರು ಏನಂತಿದ್ರು? ಬಿದ್ದವನಿಗೆ ಕೈ ಕೊಡು, ಆದ್ರ ಅಯ್ಯೋ ಅನ್ನಬ್ಯಾಡ. ಅಯ್ಯೋ ಅನ್ನೂದು ಮನಸ್ಸಿನ ಒಂದು ಜಡ್ಡು." ಆಮೇಲೆ ಪ್ಲಾಟ್‌ಫಾರಂನ ಫಲಕದ ಕಡೆ ಗಲ್ಲ ತೋರಿಸಿ, "ನೋಡ್ರಿ, ಊರಿನ ಹೆಸರಿನಾಗ ಮೊದಲ ಪಾಪ ಅದ. ಇಲ್ಲೇ ಎಲೆಕ್ಷನ್ನಿಗೆ ನಿಲ್ಲಾಕ ಹತ್ತೀನಿ," ಅಂದರು.

ಸಂಘದ ಅಧ್ಯಕ್ಷ ಸ್ಥಾನಕ್ಕೆ ಅವರು ನಿಂತಿದ್ದು ಅದೇ ಕಾರಣಕ್ಕೆ. ನಾಲ್ಕು ಜನರ ಮುಂದೆ ಇನ್ನೊಂದು ವರ್ಷ ಪೂರಾ ಮನುಷ್ಯನಾಗಿ ನಿಲ್ಲಬೇಕೆಂಬುದು ಅವರ ಆಸೆಯಾಗಿತ್ತು. ಎದುರಾಳಿ ನಲವತ್ತು ದಾಟಿದ ಒಬ್ಬರು, ಓದಲು ಬಂದು ಇಲ್ಲೇ ನಿಂತು ಸಾಫ್ಟ್‌ವೇರ್ ಕೆಲಸ ಹಿಡಿದವರು, ಒಳ್ಳೆಯವರು. ಎಲ್ಲರೂ ಮನೆಯಿಂದ ಅಡುಗೆ ಹೊತ್ತು ತರುವ ಪಾಟ್‌ಲಕ್ ನಿಲ್ಲಿಸಿ ಕೇಟರಿಂಗ್ ತರಿಸುತ್ತೇನೆ ಎಂಬುದು ಅವರ ಮುಖ್ಯ ಭರವಸೆ. ಸರ್‌ ಕೊಟ್ಟದ್ದು ಒಂದೇ ಭರವಸೆ: ಎಲ್ಲರನ್ನೂ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಸ್ವಾಗತಿಸುತ್ತೇನೆ. ತಮಗೆ ಯಾವುದು ಆಗುವುದಿಲ್ಲವೋ ಅದನ್ನೇ ಮಾತು ಕೊಟ್ಟಿದ್ದರು.

ದಾರಿಯೂ ರೋಮಿನದೇ. ಅಲ್ಲಿ ಮತ ಕೇಳುವವನ ಬೆನ್ನ ಹಿಂದೆ ಒಬ್ಬ ಆಳು ನಡೆಯುತ್ತಿದ್ದನಂತೆ. ಎದುರು ಬರುವವನ ಹೆಸರನ್ನು ಯಜಮಾನನ ಕಿವಿಯಲ್ಲಿ ಉಸುರುವುದೇ ಅವನ ಕೆಲಸ. ಯಜಮಾನ ಆಗ ಹಳೆಯ ಗೆಳೆಯನಂತೆ ಕೈ ಚಾಚುತ್ತಿದ್ದ. "ಅವರು ಅದಕ್ಕ ಗುಲಾಮನ್ನ ಇಟಗೊಂಡಿದ್ರು," ಅಂದರು ಸರ್. "ನನಗ ನೀವ ಇದ್ದೀರಿ."

ಒಪ್ಪಿಕೊಂಡೆ. ಮನೆಗೆ ಬಂದು ಸದಸ್ಯರ ಹೆಸರು ಪಟ್ಟಿ ಮಾಡಲು ಕೂತಾಗ ಒಂದು ವಿಷಯ ತಿಳಿಯಿತು. ನನಗೂ ಹೆಸರುಗಳು ಗೊತ್ತಿರಲಿಲ್ಲ. ನಾನು ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ನನ್ನ ಫೋನಿನಲ್ಲಿ ಇದ್ದವರು: 'ಬಿಳಿ ಯೂಟ್', 'ಡೇರಿ ಅಂಗಡಿ ಎದುರು ಮನೆ', 'ಹಿಲ್ಸ್‌ಬರೋ ಹೆಪ್ಪು' (ಮೊಸರಿಗೆ ಹೆಪ್ಪು ಕೊಟ್ಟವರು), 'ಅವಳಿ ಮಕ್ಕಳ ಅಪ್ಪ'. ಅಣ್ಣ, ಅಕ್ಕ, ಅಂಕಲ್, ಆಂಟಿ, ಏನ್ರೀ, ಬನ್ರೀ: ಕನ್ನಡದಲ್ಲಿ ಇಷ್ಟಿದ್ದರೆ ಒಂದು ಆಯುಷ್ಯ ಹೆಸರಿಲ್ಲದೆ ಸಾಗುತ್ತದೆ. ಹೆಂಡತಿಯ ನೆರವಿನಿಂದ, ಸಂಘದ ಇಮೇಲ್ ಪಟ್ಟಿಯಿಂದ ಐವತ್ತೊಂದು ಹೆಸರು ಹೊಂದಿಸಿದೆ. ಒಂದು ಉಳಿಯಿತು. ಅವರು ದೂರದ ಟೌರಂಗಾ ಊರಿನಿಂದ ಬರುವವರು. ಇಮೇಲಿನಲ್ಲಿ ಅವರ ಯಜಮಾನರ ಹೆಸರಷ್ಟೇ ಇತ್ತು. ಆಕೆಯನ್ನು ಒಂಬತ್ತು ವರ್ಷದಿಂದ ಬಲ್ಲೆ. ಎಲ್ಲರಿಗೂ ಆಕೆ ಟೌರಂಗಾ ಆಂಟಿ. ನಮ್ಮ ಮನೆಯೊಳಗೆ ಇನ್ನೊಂದು ಹೆಸರಿತ್ತು. ಒಂದು ಯುಗಾದಿಗೆ ಅವರು ತಂದ ದೊಡ್ಡ ಪಾತ್ರೆ ಬಿಸಿಬೇಳೆಬಾತಿನಲ್ಲಿ ಚಿಟಿಕೆ ಉಪ್ಪೂ ಇರಲಿಲ್ಲ. ಅಂದು ಸಂಜೆ ಕಾರಿನಲ್ಲಿ ನಾನು ಅವರಿಗೆ 'ಉಪ್ಪಿಲ್ಲದ ಬಿಸಿಬೇಳೆ' ಎಂದು ಹೆಸರಿಟ್ಟೆ. ನನ್ನ ಹೆಂಡತಿ ನಕ್ಕಳು. ನಗಿಸಿದ ಮಾತು ಮನೆಯಲ್ಲಿ ನಿಲ್ಲುವುದಿಲ್ಲ.

ಅವರ ಹೆಸರನ್ನು ಹಾಲ್‌ನಲ್ಲಿ ಯಾರನ್ನಾದರೂ ಕೇಳಿದರಾಯಿತು ಅಂದುಕೊಂಡೆ. ಕೇಳಲಿಲ್ಲ. ಇದನ್ನು ಬರೆದಿಡಬೇಕು.

ಆ ಶನಿವಾರ ಸರ್ ಬಿಳಿ ಧೋತರ, ಬಿಳಿ ಅಂಗಿಯಲ್ಲಿ ಬಂದರು. ರೋಮಿನಲ್ಲಿ ಅಭ್ಯರ್ಥಿಯ ಉಡುಪು ಅಚ್ಚ ಬಿಳಿಯಾಗಿರಬೇಕಿತ್ತು, ಅದಕ್ಕೆ ಸೀಮೆಸುಣ್ಣ ತಿಕ್ಕುತ್ತಿದ್ದರು. ಅವರ ಅಂಗಿಯನ್ನು ಮಗಳು ಕೆಂಪು ಟವೆಲಿನ ಜೊತೆ ಮಷಿನ್ನಿಗೆ ಹಾಕಿದ್ದಳು, ಒಂದು ಭುಜ ತೆಳು ಗುಲಾಬಿಯಾಗಿತ್ತು. ನನ್ನ ಕೆಲಸದ ಚೀಲದಲ್ಲಿ ಗೋಡೆಗೆ ಗುರುತು ಹಾಕುವ ಚಾಕ್ ಇತ್ತು. ಕಾರ್ ಪಾರ್ಕಿನಲ್ಲಿ ಅದನ್ನು ಪಡೆದು ಭುಜಕ್ಕೆ ತಿಕ್ಕಿಕೊಂಡರು. ಆಮೇಲೆ ಯಾರಾದರೂ ಪ್ರೀತಿಯಿಂದ ಭುಜ ತಟ್ಟಿದರೆ ಸಣ್ಣದೊಂದು ಧೂಳಿನ ಮೋಡ ಏಳುತ್ತಿತ್ತು.

ಮೊದಲ ಇಪ್ಪತ್ತು ನಿಮಿಷ ಎಲ್ಲವೂ ಸೊಗಸಾಗಿ ನಡೆಯಿತು. ನಾನು ಉಸುರುತ್ತಿದ್ದೆ. ಅವರ ಎಡಗಿವಿಯ ಹಿಯರಿಂಗ್ ಏಡ್ ಹಿಡಿದುಕೊಳ್ಳುತ್ತಿತ್ತು. ಮರುಕ್ಷಣ ಸರ್ ಕ್ಲಾಸ್‌ರೂಮಿನ ದನಿಯಲ್ಲಿ ಹೆಸರು ಹಿಡಿದು, "ಬರ್ರಿ, ಬರ್ರಿ, ಅಮ್ಮಾರ ಮಂಡಿ ನೋವು ಹೆಂಗದ?" ಎಂದು ಕೇಳುತ್ತಿದ್ದರು. ಮಂಡಿ ನೋವು ಅವರೇ ನೆನಪಿಟ್ಟದ್ದು. ಹೆಸರನ್ನು ಮಾತ್ರ ನಾನು ಕೊಡುತ್ತಿದ್ದೆ. ಜನರ ಮುಖ ಅರಳುವುದನ್ನು ನಾನು ಹಿಂದಿನಿಂದ ನೋಡಿದೆ. ಹೆಸರು ಹಿಡಿದು ಕರೆದರೆ ನಮ್ಮವರು ಅಷ್ಟು ಹಿಗ್ಗುತ್ತಾರೆಂದು ನನಗೆ ತಿಳಿದಿರಲಿಲ್ಲ.

ಹತ್ತು ಗಂಟೆ ಏಳು ನಿಮಿಷಕ್ಕೆ ಟೌರಂಗಾ ಆಂಟಿ ಬಂದರು. ಟವೆಲಿನಲ್ಲಿ ಸುತ್ತಿದ ಸ್ಟೀಲ್ ಪಾತ್ರೆ ಎರಡೂ ಕೈಯಲ್ಲಿತ್ತು. ಸರ್ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದರು, ಅದು ನನಗೆ ಸೂಚನೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು. ಅದು ಬೇಡ ಎಂದು ತಿಳಿದಿದ್ದೂ, ಬೇರೇನೂ ಸಿಗದೆ, "ಉಪ್ಪಿಲ್ಲದ..." ಎಂದು ಬಾಯಿಂದ ಬಂದುಬಿಟ್ಟಿತು. ಅಲ್ಲಿಗೆ ನಿಲ್ಲಿಸಿದೆ.

ಮೈಸೂರಿನವರ ಕಿವಿಗೆ ಅದು ಅರ್ಧ ಮಾತು. ಆದರೆ ಸರ್ ಬಂದ ಕಡೆ ಮನೆತನಗಳೇ ಹಾಗೆ. ಮೆಣಸಿನಕಾಯಿ ಇದ್ದಾರೆ, ಬೆಲ್ಲದ ಇದ್ದಾರೆ, ಉಳ್ಳಾಗಡ್ಡಿ ಇದ್ದಾರೆ. ಉಪ್ಪಿಲ್ಲದ ಎಂಬವರು ಯಾಕಿರಬಾರದು?

"ಬರ್ರಿ, ಉಪ್ಪಿಲ್ಲದ ಅವರ," ಅಂದರು ಸರ್, ಕೈ ಜೋಡಿಸಿ, ಇಡೀ ಹಾಲ್‌ಗೆ ಕೇಳುವಂತೆ. "ಟೌರಂಗಾದಿಂದ ಎಷ್ಟು ದೂರ ಬಂದೀರಿ. ನಿಮ್ಮ ಮನೆತನದವರು ನನಗ ಭಾಳ ಬೇಕಾದವರು. ಗದಗಿನವರು ಇಬ್ಬರು ಉಪ್ಪಿಲ್ಲದ ನನ್ನ ಕ್ಲಾಸಿನಾಗ ಇದ್ರು."

ನಮ್ಮ ಮನೆಯಿಂದ ಹೊರಟ ಹೆಸರು ಎಷ್ಟು ಮನೆ ಹೊಕ್ಕಿತ್ತೆಂದು ಆಗ ತಿಳಿಯಿತು. ಮೂರು ದಿಕ್ಕಿನಿಂದ ನಗು ಬಂತು, ಬಂದಷ್ಟೇ ಬೇಗ ನಿಂತಿತು.

"ಉಪ್ಪಿಲ್ಲದ ಅಂದ್ರೆ ಯಾರು ಸರ್?" ಅಂದರು ಆಕೆ.

"ನೀವ ಅಲ್ರೀ?"

"ನಮ್ಮದು ಮಂಡ್ಯ ಸರ್. ನಮ್ಮ ಕಡೆ ಮನೆತನಕ್ಕೆ ಯಾರೂ ಹಾಗೆ ಹೆಸರಿಡಲ್ಲ." ಪಾತ್ರೆ ಇನ್ನೂ ಕೈಯಲ್ಲೇ ಇತ್ತು. ಕಣ್ಣು ಸರ್ ಮುಖ ಬಿಟ್ಟು ಅವರ ಭುಜದ ಮೇಲಿಂದ ನನ್ನ ಮುಖಕ್ಕೆ ಬಂತು.

ಸರ್ ಮಗಳು ಊಟದ ಮೇಜಿನಿಂದ ಬೇಗ ಬೇಗ ಬಂದಳು. "ಪಾಪ, ಅಪ್ಪಾಗ ರಾತ್ರಿ ನಿದ್ದಿ ಆಗಿಲ್ಲ ಆಂಟಿ, ಏನೋ ಗೊಂದಲ ಆಗ್ಯದ," ಅಂದಳು. ಕುರ್ಚಿಗಳ ಕಡೆಯಿಂದ ಇನ್ನೊಬ್ಬರು ಮೆಲ್ಲಗೆ, "ಪಾಪ, ವಯಸ್ಸಾಯ್ತಲ್ಲ," ಅಂದರು. ಎರಡು 'ಪಾಪ' ಆಯಿತು. ನಾನು ಎಣಿಸಿದೆ.

ಈಗ ನಾನು ಮಾತಾಡಬೇಕಿತ್ತು. ಮಾತಾಡಲಿಲ್ಲ. ಮಾತಾಡದಿದ್ದರೆ ತಪ್ಪೆಲ್ಲ ಅವರ ವಯಸ್ಸಿನ ಮೇಲೆ ಹೋಗಿ ಕೂರುತ್ತಿತ್ತು, ನನ್ನ ಕೈಗೆ ಏನೂ ಅಂಟುತ್ತಿರಲಿಲ್ಲ. ಹಾಗೆ ನಿಂತದ್ದು ನಾಲ್ಕು ಸೆಕೆಂಡ್ ಇರಬಹುದು, ಐದಲ್ಲ. ಆಮೇಲೆ ಎಷ್ಟೋ ಸಲ ಅಡುಗೆಮನೆಯಲ್ಲಿ ಕೈಗಡಿಯಾರ ಹಿಡಿದು ನಾಲ್ಕು ಸೆಕೆಂಡ್ ಎಷ್ಟು ಉದ್ದ ಎಂದು ನೋಡಿದ್ದೇನೆ. ಒಬ್ಬ ಮನುಷ್ಯ ಯಾರೆಂದು ತಿಳಿಯಲು ಅಷ್ಟು ಸಾಕು.

ಸರ್ ನನ್ನ ಕಡೆ ತಿರುಗಿ ನೋಡಿದರು. ಪರೀಕ್ಷೆಯ ಕೋಣೆಯಲ್ಲಿ ನಕಲಿನ ಚೀಟಿ ಕಂಡ ಮೇಷ್ಟ್ರು, ಹುಡುಗ ತಾನೇ ಎದ್ದು ನಿಲ್ಲಲಿ ಎಂದು ಕಾಯುವ ನೋಟ ಅದು. ನಾನು ಏಳಲಿಲ್ಲ. ಅವರು ಜನರ ಕಡೆ ತಿರುಗಿದರು.

"ನಿದ್ದಿ ಚಲೋ ಆಗ್ಯದ," ಅಂದರು. "ಗೊಂದಲಾನೂ ಇಲ್ಲ. ನನಗ ಹೆಸರು ನೆನಪಿಗೆ ಉಳಿಯೂದಿಲ್ಲ. ಒಂದು ವರ್ಷ ಆತು. ಮಗಳಿಗೂ ಹೇಳಿಲ್ಲ, ಈಗ ಆಕಿ ಕೇಳಾಕ ಹತ್ಯಾಳ. ಮುಂಜಾನಿಂದ ನಿಮ್ಮನ್ನೆಲ್ಲಾ ಹೆಸರು ಹಿಡದು ಕರದೆ, ನೀವು ಸಂತೋಷ ಪಟ್ಟಿರಿ. ಅದು ನನ್ನ ನೆನಪಲ್ಲ. ಹಿಂದಿನಿಂದ ಒಬ್ಬರು ಹೇಳಿಕೊಟ್ಟದ್ದು. ಯಾರು ಅಂತ ಕೇಳಬ್ಯಾಡ್ರಿ."

ಹಿಂದೆ ಇದ್ದದ್ದು ನಾನು ಮತ್ತು ಕೆಂಪು ಸಿಲಿಂಡರ್. ಎಲ್ಲರೂ ನನ್ನನ್ನು ನೋಡಿದರು.

ಆಗ ಹೇಳಿದೆ. ಆ ಹೆಸರು ನಮ್ಮ ಮನೆಯದು, ಆ ಬಿಸಿಬೇಳೆಬಾತಿನ ಸಂಜೆ ಇಟ್ಟವನು ನಾನು, ಇವರ ನಿಜವಾದ ಹೆಸರು ನನಗೆ ಗೊತ್ತಿಲ್ಲ, ಸರ್ ಅವರದು ತಪ್ಪೇನೂ ಇಲ್ಲ ಎಂದೆ. ನಿಧಾನವಾಗಿ ಹೇಳಿದೆ.

"ಒಂಬತ್ತು ವರ್ಷದಿಂದ?" ಅಂದರು ಆಕೆ.

"ಒಂಬತ್ತು ವರ್ಷದಿಂದ."

"ಇಲ್ಲಿ ಯಾರಿಗೆ ನನ್ನ ಹೆಸರು ಗೊತ್ತು?"

ಐವತ್ತು ಜನರ ಹಾಲ್‌ನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎದುರಾಳಿ ಅಭ್ಯರ್ಥಿ ಮೊದಲು ಕೈ ಎತ್ತಿ, "ನಂಗೂ ಗೊತ್ತಿಲ್ಲ ಆಂಟಿ, ಸಾರಿ," ಅಂದರು. ಒಳ್ಳೆಯವರು ಎಂದು ನಾನು ಆಗಲೇ ಹೇಳಿದ್ದೇನೆ.

ಆಕೆ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. "ಒಂಬತ್ತು ವರ್ಷ ಬೇಕಿರಲಿಲ್ಲ, ಈಗ ಯಾಕೆ?" ಎಂದು ಅವರೇ ಬೇಡ ಅಂದಿದ್ದಾರೆ. ಆಮೇಲೆ ನನ್ನ ಕಡೆ ತಿರುಗಿದರು. "ಆ ವರ್ಷ ನಮ್ಮವರಿಗೆ ಡಾಕ್ಟರ್ ಉಪ್ಪು ಬಿಡಿಸಿದ್ರು. ಇನ್ನೊಂದು ಪಾತ್ರೆ ಮಾಡೋಕೆ ಹೊತ್ತಿರಲಿಲ್ಲ. ಪಕ್ಕದಲ್ಲೇ ಉಪ್ಪಿನ ಡಬ್ಬಿ ಇಟ್ಟಿದ್ದೆ, ಮೇಲೆ ಚೀಟಿ ಅಂಟಿಸಿದ್ದೆ. ಗೋಡೆ ಒಳಗಿನ ನೀರು ಕಾಣತ್ತಲ್ಲ ನಿಮಗೆ, ಡಬ್ಬಿ ಕಾಣಲಿಲ್ವಾ? ನೀವು ಎರಡು ಸಲ ಹಾಕಿಸ್ಕೊಂಡ್ರಿ."

ನಿಜ. ಎರಡು ಸಲ ಹಾಕಿಸಿಕೊಂಡಿದ್ದೆ.

"ಉಪ್ಪು ತಿಂದವ ನೀರು ಕುಡೀಬೇಕು," ಅಂದರು ಸರ್, ಗಂಭೀರವಾಗಿ. "ಉಪ್ಪಿಲ್ಲದ್ದು ತಿಂದವಗ ಏನು ಶಿಕ್ಷಾ ಕೊಡೂಣು?"

"ಪಾತ್ರೆ ತೊಳೀಲಿ," ಅಂದರು ಆಕೆ. ಅಲ್ಲಿಗೆ ಹಾಲ್ ಉಸಿರು ಬಿಟ್ಟು ನಕ್ಕಿತು. ಕಾರು ನಿಲ್ಲಿಸಿ ಆಗಷ್ಟೇ ಒಳಗೆ ಕಾಲಿಟ್ಟ ಅವರ ಯಜಮಾನರು, ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾವೂ ನಕ್ಕರು.

ಊಟಕ್ಕೆ ಮೊದಲು ಮತದಾನವಾಯಿತು. ಸರ್ ಒಂಬತ್ತು ಮತದಲ್ಲಿ ಸೋತರು. ಗೆದ್ದವರ ಕೈ ಕುಲುಕಿ, ರೋಮಿನಲ್ಲಿ ಹೇಗೆ ಮಾಡಬೇಕೋ ಹಾಗೆ, ಓಡದೆ, ತೀರ ನಿಧಾನವೂ ಆಗದೆ, ನಡೆದು ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ಊಟವಾದ ಮೇಲೆ ನಾನು ಹಾಲ್‌ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನನ್ನ ಹೆಂಡತಿ ಒರೆಸುತ್ತಿದ್ದಳು. ಹೆಸರಿಗೆ ನಕ್ಕವಳು ತಾನು, ಅರ್ಧ ಶಿಕ್ಷೆ ತನ್ನದು ಎಂದು ಅವಳೇ ಬಂದಿದ್ದಳು. ಸರ್ ಒಳಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಭುಜದ ಚಾಕ್ ಅಷ್ಟು ಹೊತ್ತಿಗೆ ಉದುರಿಹೋಗಿ ಗುಲಾಬಿ ಬಣ್ಣ ಕಾಣುತ್ತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಅದು ಇರಲಿ. ಒಂದು ಲೆಕ್ಕ ಹೇಳ್ರಿ. ನನಗ ಇಪ್ಪತ್ತೊಂದು ಮಂದಿ ವೋಟು ಹಾಕ್ಯಾರ. ಅದರಾಗ ಪಾಪ ಅಂತ ಹಾಕಿದವರು ಎಷ್ಟು?"

ನಾನು ಪಾತ್ರೆ ಉಜ್ಜಿದೆ. ಹೆಂಡತಿ ಒಣಗಿದ್ದ ತಟ್ಟೆಯನ್ನೇ ಮತ್ತೆ ಒರೆಸಿದಳು. ಸೋಲು ಅವರನ್ನು ಕಾಡುತ್ತಿರಲಿಲ್ಲ. ಬಂದ ಮತಗಳು ಕಾಡುತ್ತಿದ್ದವು. ಇನ್ನು ಮೇಲೆ ಯಾರು ಬಾಗಿದರೂ, ಯಾರು ಕುರ್ಚಿ ಕೊಟ್ಟರೂ, ಯಾರು ತಲೆ ಅಲ್ಲಾಡಿಸಿದರೂ, ಅವರಿಗೆ ಇದೇ ಪ್ರಶ್ನೆ ಬರಲಿತ್ತು. ಅವತ್ತಿನ ಮಟ್ಟಿಗೆ ಅವರ ಕಿವಿಗೆ ಏನನ್ನೂ ಉಸುರುವ ಹಕ್ಕು ನನಗೆ ಉಳಿದಿರಲಿಲ್ಲ.

ಆಗ ಟೌರಂಗಾದವರು ಖಾಲಿ ಪಾತ್ರೆ ಹಿಡಿದು ಬಂದರು, ಹಿಂದೆ ಅವರ ಯಜಮಾನರು. ಪಾತ್ರೆಯನ್ನು ನನ್ನ ಮುಂದಿನ ಸಿಂಕಿನಲ್ಲಿ ಇಳಿಸಿ, ಸರ್ ಕಡೆ ತಿರುಗಿ, ಮೊದಲು ತಮ್ಮ ಹೆಸರು ಹೇಳಿದರು.

"ಸರ್, ನಾನು ನಿಮಗೆ ವೋಟು ಹಾಕಲಿಲ್ಲ. ಮುಖ ನೋಡಿ ಹೇಳಿಬಿಡೋಣ ಅಂತ ಬಂದೆ."

ನನ್ನ ಹೆಂಡತಿ ತಟ್ಟೆ ಇಟ್ಟಳು.

"ಹೆಸರಿನ ವಿಷಯಕ್ಕಾ?" ಅಂದರು ಸರ್.

"ಅದಕ್ಕಲ್ಲ. ನಿಮ್ಮ ಹತ್ರ ಏನೂ ಪ್ಲಾನ್ ಇರಲಿಲ್ಲ ಸರ್. ಬಾಗಿಲಲ್ಲಿ ನಿಂತು ಬನ್ನಿ ಅಂತೀನಿ ಅಂದ್ರಿ. ಅವರು ಕೇಟರಿಂಗ್ ತರಿಸ್ತೀನಿ ಅಂದ್ರು. ಎರಡೂವರೆ ಗಂಟೆ ಕಾರಲ್ಲಿ ಕೂತು, ಬಿಸಿ ಪಾತ್ರೆ ತೊಡೆ ಮೇಲೆ ಇಟ್ಕೊಂಡು ನನಗೆ ಸಾಕಾಗಿದೆ. ನೀವು ನಿಂತಿರೋದು ಅಧ್ಯಕ್ಷ ಆಗೋಕೆ, ನಾನು ನೋಡಿದ್ದು ಅಧ್ಯಕ್ಷರಾಗಿ ಏನು ಮಾಡ್ತೀರಿ ಅಂತ. ಮುಂದಿನ ವರ್ಷ ಏನಾದ್ರೂ ಯೋಚನೆ ಮಾಡ್ಕೊಂಡು ನಿಲ್ಲಿ, ನೋಡೋಣ."

ಸರ್ ನಗತೊಡಗಿದರು. ಮೊದಲು ಭುಜದಿಂದ, ಆಮೇಲೆ ಹೊಟ್ಟೆಯಿಂದ, ಕಣ್ಣು ಒರೆಸಿಕೊಳ್ಳುವಷ್ಟು.

"ಒಬ್ಬರು ಅದಾರ," ಅಂದರು ನನ್ನ ಕಡೆ ನೋಡಿ. "ಸಾಹೇಬ್ರ, ಬರಕೋರ್ರಿ. ಒಬ್ಬರು ನನ್ನನ್ನ ಕ್ಯಾಂಡಿಡೇಟ್ ಅಂತ ತಿಳದು ಸೋಲಿಸ್ಯಾರ." ಎದ್ದು ಆಕೆಗೆ ಕೈ ಜೋಡಿಸಿದರು. ಬಾಗಿಲಲ್ಲಿ ಜೋಡಿಸಿದ್ದಕ್ಕಿಂತ ಅದು ಬೇರೆ ಥರ ಇತ್ತು. ಹೇಗೆ ಬೇರೆ ಎಂದು ಅಳೆದು ಹೇಳಲಾರೆ.

ಮುಂದಿನ ವರ್ಷ ಅವರು ನಿಲ್ಲಲಿಲ್ಲ. ಕ್ಲಾಸು ನಡೆಯಿತು. ಗ್ಯಾರೇಜಿಗೆ ಬಂದವರು ಕೂರುವ ಮೊದಲು ತಮ್ಮ ಹೆಸರು ತಾವೇ ಹೇಳುತ್ತಿದ್ದರು, ಸರ್ ಪ್ರತಿ ಸಲ "ಚಲೋ ಹೆಸರು" ಅನ್ನುತ್ತಿದ್ದರು. ಹೆಸರೆಲ್ಲ ಹೋದ ಮೇಲೂ ರೋಮಿನವರು ಹೇಳಿದ್ದನ್ನು ಅವರು ಮರೆಯಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಪಾಪ ಎಂಬ ಮಾತು ಬಾಯಿಗೆ ಬಂದವರು ತಡೆದುಕೊಂಡದ್ದನ್ನು ಅಂತ್ಯಕ್ರಿಯೆಯ ದಿನ ಎರಡು ಕಡೆ ಕಂಡೆ.

ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇನ್ನೂ ಇದ್ದಾರೆ. ಬಾಗಿಲಲ್ಲಿ ನಡೆದದ್ದನ್ನು ಹಿಲ್ಸ್‌ಬರೋದಲ್ಲಿರುವ ಅವರ ಮಗಳು ಕಂಡಿದ್ದಾಳೆ. ಗೆದ್ದ ಅಧ್ಯಕ್ಷರು ಕಂಡಿದ್ದಾರೆ. ಅಡುಗೆಮನೆಯಲ್ಲಿ ನಡೆದದ್ದನ್ನು ನನ್ನ ಹೆಂಡತಿ ಕಂಡಿದ್ದಾಳೆ. ಟೌರಂಗಾದಲ್ಲಿ ಆ ದಂಪತಿ ಇಬ್ಬರೂ ಇದ್ದಾರೆ, ಆರೋಗ್ಯವಾಗಿದ್ದಾರೆ.